ಹೆಲ್ಮೆಟ್ಟಿನೊಳಗಿನ ರೇಡಿಯೊ

"ರೂಮಿನಲ್ಲಿ ನಿಮ್ಮ ಜೊತೆ ಬೇರೆ ಯಾರಾದರೂ ಇದ್ದಾರೆಯೇ?"

ಸ್ಪೀಕರ್ ಫೋನಿನಿಂದ ಅಮೆರಿಕನ್ ಮಹಿಳೆಯೊಬ್ಬರು ಇಂಗ್ಲಿಷಿನಲ್ಲಿ ಹೀಗೆ ಕೇಳಿದಾಗ ನಾನು ಮಕ್ಕಳ ವೈಟ್‌ಬೋರ್ಡನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದೆ. ಎದುರಿಗೆ ಇನ್ನೊಂದು ಬೋರ್ಡು ಹಿಡಿದ ಮೂರ್ತಿ ಅಂಕಲ್. ನಡುವೆ, ಇಂಟರ್‌ವ್ಯೂ ಕೊಡುತ್ತಿದ್ದ ನನ್ನ ರಘು ಭಾವ.

ಇಷ್ಟಕ್ಕೆಲ್ಲ ಕಾರಣ ಫುಟ್‌ಬಾಲ್. ನಂಬಿ.

ಭಾವನ ಕೆಲಸ ಹೋಗಿ ಒಂದು ಇಡೀ ಬೇಸಿಗೆ ಕಳೆದಿತ್ತು. (ರಿಸೆಷನ್ ಬಗ್ಗೆ ನೀವು ಪೇಪರಿನಲ್ಲಿ ಓದುತ್ತೀರಿ. ಭಾವನ ಮನೆಯಿರುವ, ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ ಅದು ಹೇಗೆ ಕಾಣುತ್ತದೆ ಗೊತ್ತೇ? ವಾರದ ದಿನ ಬೆಳಿಗ್ಗೆ ಹತ್ತು ಗಂಟೆಗೂ ಮನೆ ಮನೆಯ ಮುಂದೆ ಕಾರು ನಿಂತಿರುತ್ತದೆ.) ಕೊನೆಗೆ ಒಂದು ಫೋನ್ ಇಂಟರ್‌ವ್ಯೂ ಸಿಕ್ಕಿತು. ಅದೂ ಡೆಟ್ರಾಯಿಟ್ ಪಕ್ಕದ ಸೌತ್‌ಫೀಲ್ಡ್‌ನಿಂದ. "ಅಲ್ಲಿಂದ ಜನ ಗಂಟುಮೂಟೆ ಕಟ್ಕೊಂಡು ಬರ್ತಿದಾರೆ, ನಾವು ಅಲ್ಲಿಗೆ ಹೋಗೋದಾ?" ಎಂದು ಸುಮನಕ್ಕ ಒಂದೇ ಒಂದು ಸಲ ಅಂದಳು. (ಭಾವನ ಹೆಂಡತಿ, ನನ್ನ ದೊಡ್ಡಮ್ಮನ ಮಗಳು.) ಬೇರೆ ಎಲ್ಲಿಂದಲೂ ಕರೆ ಬಂದಿರಲಿಲ್ಲ.

ಇಂಟರ್‌ವ್ಯೂ ಸೋಮವಾರ. ಹಿಂದಿನ ದಿನ, ಭಾನುವಾರ, ಅವರ ಬೇಸ್‌ಮೆಂಟಿನಲ್ಲಿ ಮ್ಯಾಚ್. ನಾನು ನನ್ನೂರು ಡೆಸ್ ಪ್ಲೇನ್ಸ್‌ನಿಂದ ಹೋಗಿದ್ದೆ. ಪಕ್ಕದ ಬೀದಿಯ ಮೂರ್ತಿ ಅಂಕಲ್ ಒಗ್ಗರಣೆ ಅವಲಕ್ಕಿಯ ಡಬ್ಬಿ ಹಿಡಿದು ಬಂದಿದ್ದರು. ಟಿವಿಯಲ್ಲಿ ಶಿಕಾಗೋ ತಂಡ ಒದ್ದಾಡುತ್ತಿತ್ತು.

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಈ ಅಮೆರಿಕನ್ನರ ಫುಟ್‌ಬಾಲ್‌ನಲ್ಲಿ ಕಾಲಿಗೆ ಕೆಲಸ ಕಡಿಮೆ, ಮೀಟಿಂಗ್ ಜಾಸ್ತಿ. ಪ್ರತಿ ಸಲ ಚೆಂಡು ಕದಲುವ ಮುಂಚೆ ಮುಂದಿನ ನಡೆ ಯಾವುದೆಂದು ಯಾರಾದರೂ ಹೇಳಬೇಕು. ಅದೇ 'ಪ್ಲೇ ಕಾಲ್'. ಕೆಲವು ತಂಡಗಳಲ್ಲಿ ಹೆಡ್ ಕೋಚ್ ಹೇಳುತ್ತಾನೆ, ಕೆಲವು ಕಡೆ ಅವನ ಕೈಕೆಳಗಿನ ಕೋಆರ್ಡಿನೇಟರ್. ಹೇಳಿದ್ದು ಕ್ವಾರ್ಟರ್‌ಬ್ಯಾಕ್ ಎಂಬ ಮುಖ್ಯ ಆಟಗಾರನ ಹೆಲ್ಮೆಟ್ಟಿನೊಳಗಿನ ಪುಟ್ಟ ರೇಡಿಯೊದಲ್ಲಿ ಕೇಳಿಸುತ್ತದೆ. ಆದರೆ ಚೆಂಡು ಅವನ ಕೈಗೆ ಬರುವ ಮುಂಚೆಯೇ ಆ ರೇಡಿಯೊ ಬಂದ್ ಆಗಿರುತ್ತದೆ. ನಿಯಮವೇ ಹಾಗೆ. ಆಮೇಲೆ ಅವನುಂಟು, ಅವನ ಮೇಲೆ ಬೀಳಲು ಓಡಿಬರುವ ದಾಂಡಿಗರುಂಟು.

"ಹೆಡ್ ಕೋಚೇ ಕಾಲ್ ಮಾಡ್ಬೇಕು," ಅಂದರು ಅಂಕಲ್. "ಸೋತ್ರೆ ಕೆಲಸ ಹೋಗೋದು ಅವನದ್ದು ತಾನೆ? ಸ್ಟೀರಿಂಗ್ ಇನ್ನೊಬ್ಬನ ಕೈಗೆ ಕೊಟ್ಟು, ಪೊಲೀಸ್ ಟಿಕೆಟ್ ಮಾತ್ರ ನನ್ ಹೆಸರಿಗೆ ಬರೀರಿ ಅಂತಾನಾ?"

"ಅಲ್ಲ ಅಂಕಲ್, ಅವನು ಪ್ಲೇ ಶೀಟ್‌ನಲ್ಲೇ ಮುಖ ಇಟ್ಕೊಂಡಿದ್ರೆ ಮಿಕ್ಕಿದ್ದನ್ನ ಯಾರು ನೋಡ್ತಾರೆ? ಟೈಮ್‌ಔಟ್ ಯಾವಾಗ ತಗೋಬೇಕು, ಯಾರು ಕುಂಟ್ತಿದಾರೆ, ಡಿಫೆನ್ಸ್ ಕಥೆ ಏನು? ಮದುವೆ ಮನೆ ಯಜಮಾನ ಸಾರಿಗೆ ಉಪ್ಪು ಹಾಕ್ತಾ ಕೂತ್ರೆ ಬೀಗರನ್ನ ಎದುರುಗೊಳ್ಳೋರು ಯಾರು?"

"ಉಪ್ಪು ಜಾಸ್ತಿ ಆದ್ರೆ ಬೀಗರು ಬೈಯೋದು ಅಡುಗೆಯವ್ರನ್ನಲ್ಲಮ್ಮ ಡಿಬೇಟ್ ರಾಣಿ. ಯಜಮಾನನ್ನ!"

(ಒಳ್ಳೆಯ ಪಾಯಿಂಟ್. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ ಹೊತ್ತು ತಂದವಳು ಒಪ್ಪಿಕೊಳ್ಳುತ್ತಾಳೆಯೇ?)

ಕೋಆರ್ಡಿನೇಟರ್ ಮೇಲಿನ ಗಾಜಿನ ಕೋಣೆಯಲ್ಲಿ ಕೂತಿರುತ್ತಾನೆ, ಕೆಳಗಿನ ಕೆಸರು ಅವನಿಗೇನು ಗೊತ್ತು ಎಂದರು ಅಂಕಲ್. ಮೇಲಿರುವುದರಿಂದಲೇ ಇಡೀ ಮೈದಾನ ಕಾಣುತ್ತದೆ ಎಂದೆ ನಾನು. ಇಷ್ಟಕ್ಕೂ ತಂಡ ಗೆದ್ದ ವಾರ ಈ ಪ್ರಶ್ನೆ ಕೇಳಿದವರುಂಟೇ? ಸೋತಾಗ ಮಾತ್ರ ನಮಗೆ ಒಂದು ಹೆಸರು ಬೇಕು.

ಅಷ್ಟರಲ್ಲಿ ಶಿಕಾಗೋ ಕ್ವಾರ್ಟರ್‌ಬ್ಯಾಕ್ ಮೂವರ ಅಡಿಯಲ್ಲಿ ಅಪ್ಪಚ್ಚಿಯಾಗಿ ಬಿದ್ದಿದ್ದ.

"ಪಾಪ, ಅವನನ್ನ ಯಾರೂ ಕೇಳಲ್ವಾ?" ಅಂದರು ಭಾವ.

ನಾವಿಬ್ಬರೂ ಅವರ ಕಡೆ ತಿರುಗಿಯೂ ನೋಡಲಿಲ್ಲ.

ಮ್ಯಾಚ್ ಮುಗಿಯುವಷ್ಟರಲ್ಲಿ ಅಂಕಲ್‌ಗೆ ಯೋಜನೆ ಹೊಳೆದಿತ್ತು. ಇಲ್ಲಿ ನಮ್ಮವರ ಫೋನ್ ಇಂಟರ್‌ವ್ಯೂ ಪದ್ಧತಿ ನಿಮಗೆ ತಿಳಿಯದಿರಬಹುದು. ಮಾತಾಡುವವನು ಒಬ್ಬ, ಸುತ್ತ ಕೂತು ಉತ್ತರ ಬರೆದು ತೋರಿಸುವವರು ಇನ್ನಿಬ್ಬರು. "ಮ್ಯಾನೇಜ್‌ಮೆಂಟ್ ಪ್ರಶ್ನೆ ನನಗೆ ಬಿಡು, ಇಂಗ್ಲಿಷ್ ಈ ಹುಡುಗಿ ನೋಡ್ಕೋತಾಳೆ." ಭಾವ "ಬೇಡ ಅಂಕಲ್" ಅಂದರು. ಬಹಳ ಮೆತ್ತಗೆ. ಕೆಲಸ ಕಳೆದುಕೊಂಡವರ 'ಬೇಡ'ಕ್ಕೆ ನಮ್ಮಲ್ಲಿ ಬೆಲೆ ಅಷ್ಟಕ್ಕಷ್ಟೇ.

ಸೋಮವಾರ. ಟೆಕ್ನಿಕಲ್ ಪ್ರಶ್ನೆಗಳಿಗೆಲ್ಲ ಭಾವ ಸಲೀಸಾಗಿ ಉತ್ತರಿಸಿದರು. ನಮ್ಮ ಬೋರ್ಡು ಖಾಲಿ. (ಸ್ವಲ್ಪ ಬೇಜಾರೇ ಆಯಿತು.) ಆಮೇಲೆ ಆ ಮಹಿಳೆ ಕೇಳಿದರು: "ಪ್ರಾಜೆಕ್ಟ್ ಅರ್ಧದಲ್ಲಿ ಹಳಿ ತಪ್ಪಿದೆ. ಟೀಮ್ ಲೀಡ್ ಕೈಯಿಂದ ಅದನ್ನು ನೀವೇ ತೆಗೆದುಕೊಳ್ಳುತ್ತೀರೋ, ಅವನಿಗೇ ಬಿಡುತ್ತೀರೋ?"

ನಾನೂ ಅಂಕಲ್ಲೂ ಮುಖ ಮುಖ ನೋಡಿಕೊಂಡೆವು. ಭಾನುವಾರದ ಮ್ಯಾಚ್ ಇನ್ನೂ ಮುಗಿದಿರಲಿಲ್ಲ!

ಅಂಕಲ್ ಬರೆದರು: 'ನೀನೇ ತಗೋ'. ನಾನು ಬರೆದೆ: 'ಅವನಿಗೇ ಬಿಡಿ'. ಅಂಕಲ್ ಅಡಿಗೆರೆ ಎಳೆದರು. ನಾನು ಎರಡು ಗೆರೆ ಎಳೆದೆ. ಮಾರ್ಕರ್‌ಗಳು ಕಿರ್ರ್ ಕಿರ್ರ್ ಅಂದವು. ಭಾವ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಬಾಗಿಲಲ್ಲಿದ್ದ ಸುಮನಕ್ಕ ಕಣ್ಣು ಮುಚ್ಚಿಕೊಂಡಳು.

ಆಗ ಬಂತು ಆ ಪ್ರಶ್ನೆ. ರೂಮಿನಲ್ಲಿ ಬೇರೆ ಯಾರಾದರೂ ಇದ್ದಾರೆಯೇ?

ಮುಗಿಯಿತು, ಅಂದುಕೊಂಡೆ. ಬೇಸಿಗೆಯಿಡೀ ಕಾದು ಬಂದ ಒಂದೇ ಕರೆಯನ್ನು ನಾವಿಬ್ಬರೂ ಸೇರಿ ಹಾಳು ಮಾಡಿದೆವು.

"ಇದ್ದಾರೆ," ಅಂದರು ಭಾವ. "ಇಬ್ಬರು. ನೆರವಿಗೆ ಬಂದವರು. ನಿಮ್ಮ ಪ್ರಶ್ನೆಗೆ ಎರಡು ಉತ್ತರ ಬರೆದು ಹಿಡಿದಿದ್ದಾರೆ. ಎರಡೂ ನನ್ನದಲ್ಲ. ಒಂದು ನಿಮಿಷ ಕೊಟ್ಟರೆ ಇವರನ್ನು ಹೊರಗೆ ಕಳಿಸಿ, ನನ್ನದನ್ನು ಹೇಳುತ್ತೇನೆ."

ಫೋನಿನಲ್ಲಿ ಒಂದು ಸಣ್ಣ ನಗು.

"ಅಂಕಲ್, ಏಳಿ. ನೀನೂ ಬಾರೇ," ಎಂದು ಸುಮನಕ್ಕ ನಮ್ಮಿಬ್ಬರ ರಟ್ಟೆ ಹಿಡಿದು ಹೊರಗೆಳೆದಳು. ಬಾಗಿಲು ಮುಚ್ಚಿತು. ರೇಡಿಯೊ ಬಂದ್.

ಒಳಗೆ ಭಾವ ಏನು ಹೇಳಿದರೋ ಇವತ್ತಿನವರೆಗೂ ನಮಗೆ ಹೇಳಿಲ್ಲ. ಆದರೆ ಅದೇ ವಾರ ಮತ್ತೆ ಕರೆ ಬಂತು: ಸೌತ್‌ಫೀಲ್ಡ್‌ಗೆ ಬನ್ನಿ, ಎದುರುಬದುರು ಕೂತು ಮಾತಾಡೋಣ.

"ನೋಡಿದ್ಯಾ? 'ನಾನೇ ತಗೋತೀನಿ' ಅಂದಿರ್ತಾನೆ," ಅಂದರು ಅಂಕಲ್.

"ಸಾಧ್ಯವೇ ಇಲ್ಲ," ಅಂದೆ ನಾನು.

"ರಘು, ನಾನೂ ಬರ್ತೀನಿ ಕಣಯ್ಯ. ಐದು ಗಂಟೆ ಡ್ರೈವು, ದಾರಿಯುದ್ದಕ್ಕೂ ಪ್ರಾಕ್ಟೀಸ್ ಮಾಡಿಸ್ತೀನಿ."

"ಹಾಗಿದ್ರೆ ನಾನೂ," ಅಂದೆ. ಎದುರು ವಾದಕ್ಕೆ ಒಬ್ಬರು ಬೇಡವೇ?

ಸುಮನಕ್ಕ ಒಲೆಯ ಮೇಲಿನ ಬಾಣಲೆಯಿಂದ ಕಣ್ಣೆತ್ತಲಿಲ್ಲ. "ಕಾರಲ್ಲಿ ಜಾಗ ಇಲ್ಲ ಅಂಕಲ್."

ಅವರದು ಏಳು ಸೀಟಿನ ಮಿನಿವ್ಯಾನ್.