ಸೈಕಲ್ಲಿಗೆ ಮಡಿಲಕ್ಕಿ

ಮಂಗಳೂರಿನ ಕಡಲಿನಿಂದ ಮದ್ರಾಸಿನ ಕಡಲಿನವರೆಗೆ ಸೈಕಲ್ ತುಳಿಯಬೇಕು ಅಂತ ನಾನೂ ನನ್ನ ನಾದಿನಿಯೂ ತೀರ್ಮಾನಿಸಿದಾಗ ಇಬ್ಬರಿಗೂ ನಲವತ್ತು ದಾಟಿತ್ತು. ಇಬ್ಬರ ಮನೆಯೂ ತುಮಕೂರಿನಲ್ಲೇ, ನಡುವೆ ಎರಡು ಬೀದಿ. ಗುಡ್ಡ ಹತ್ತುವ ದಪ್ಪ ಟೈರಿನ ಸೈಕಲ್ ಕೊಂಡು ದೇವರಾಯನದುರ್ಗದ ಏರಿನಲ್ಲಿ ವರ್ಷವೆಲ್ಲ ಏದುಸಿರು ಬಿಟ್ಟಿದ್ದೆವು. ಕಾಲಿಗೆ ಬಲ ಬಂದಿತ್ತು. ಬಾಯಿಗೆ ಮೊದಲಿನಿಂದಲೂ ಇತ್ತು.

ಬೇರೆಯವರು ಇಂಥ ಸವಾರಿಗೆ ಹೊರಡುವಾಗ ಘಟ್ಟ ಎಷ್ಟು ಕಡಿದು, ನೀರು ಎಲ್ಲಿ ಸಿಗುತ್ತದೆ ಅಂತ ನೋಡುತ್ತಾರಂತೆ. ನಾವು ನೋಡಿದ್ದು ನೆಂಟರ ಮನೆಗಳನ್ನು. ಸಕಲೇಶಪುರದಲ್ಲಿ ನಾದಿನಿಯ ಗಂಡನ ಕಡೆಯವರು, ಹಾಸನದಲ್ಲಿ ನನ್ನ ದೊಡ್ಡಮ್ಮ, ಕೋಲಾರದಲ್ಲಿ ಯಾರೋ ಬೀಗರ ಬೀಗರು. ಮೊಬೈಲಿನ ನಕ್ಷೆಯ ಮೇಲೆ ಗುರುತು ಹಾಕುತ್ತಾ ಹೋದಂತೆ ದಾರಿ ಹಾವಿನ ಹಾಗೆ ಸುತ್ತಿಕೊಂಡಿತು. ಸುತ್ತಿದರೆ ಸುತ್ತಲಿ, ಲಾಡ್ಜಿನ ರಗಳೆ ಇಲ್ಲ, ಹೆಂಗಸರು ಎಲ್ಲಿ ಮಲಗಿದರು ಅನ್ನುವ ಮಾತಿಲ್ಲ. ನಾವು ಭಾರಿ ಬುದ್ಧಿವಂತರು ಅಂದುಕೊಂಡೆವು.

ಉಳಿದಿದ್ದು ಅತ್ತೆಯ ಒಪ್ಪಿಗೆ. ನನಗೆ ಅತ್ತೆ, ನಾದಿನಿಗೆ ಹೆತ್ತಮ್ಮ. ನನ್ನ ಗಂಡ “ಅಮ್ಮ ಹೂಂ ಅಂದ್ರೆ ನಂದೇನಿಲ್ಲ” ಅಂದು ಪೇಪರಿನ ಹಿಂದೆ ಮರೆಯಾದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅತ್ತೆಯ ಮಾತು ಮೀರಿ ಹೊರಡಬಹುದಿತ್ತು, ನಿಜ. ಆದರೆ ನನ್ನ ಮಕ್ಕಳನ್ನು ಸಾಕಿದ ಹೆಂಗಸು ಅವರು. ಅವರ ಮುಖ ಊದಿಸಿಟ್ಟು ಹೋಗಲು ನನಗೆ ಮನಸ್ಸಿರಲಿಲ್ಲ.

ಅತ್ತೆ ಬೇಡ ಅನ್ನಲಿಲ್ಲ. ಪಂದ್ಯ ಕಟ್ಟಿದರು.

“ನೋಡ್ರಮ್ಮ, ಮೊದ್ಲು ಗುಬ್ಬಿ, ಸಿ.ಎಸ್. ಪುರ ಸುತ್ಕೊಂಡು ಕುಣಿಗಲ್ಲಿಗೆ ಬನ್ನಿ. ನಾನು ಬಸ್ಸಲ್ಲಿ ನನ್ ತಂಗಿ ಮನೆಗೆ ಹೋಗಿರ್ತೀನಿ. ದೀಪ ಹಚ್ಚೋದ್ರೊಳಗೆ ಬಂದ್ರೆ ಮದ್ರಾಸಿಗೆ ಹೋಗಿ. ಇಲ್ಲಾಂದ್ರೆ ಸೈಕಲ್ ಮಾರ್ಬುಡಿ.” ಆಮೇಲೆ ಬಹಳ ಮೆತ್ತಗೆ ಸೇರಿಸಿದರು: “ದಾರೀಲಿ ನಮ್ಮೋರ ಮನೆ ಇದಾವೆ. ಒಳಗೆ ಹೋಗ್ದೆ ಬಂದ್ರೆ ಚೆನ್ನಾಗಿರಲ್ಲ.”

ಇಷ್ಟೇನಾ ಅಂತ ನಕ್ಕೆವು.

ಗುಬ್ಬಿಯಲ್ಲಿ ಅತ್ತೆಯ ಅಣ್ಣನ ಮನೆ. ಬಾಗಿಲಲ್ಲೇ ಅವರ ಹೆಂಡತಿ ಕಾಯುತ್ತಿದ್ದರು. ತಟ್ಟೆ ಇಡ್ಲಿ ಆಯಿತು, ಕೇಸರಿಬಾತ್ ಆಯಿತು, ಹೊರಡೋಣ ಅಂದರೆ ಕೂರಿಸಿ ಕುಂಕುಮವಿಟ್ಟರು. ನಮ್ಮಲ್ಲಿ ಮುತ್ತೈದೆಯನ್ನು ಬರಿ ಮಡಿಲಲ್ಲಿ ಕಳಿಸುವ ಹಾಗಿಲ್ಲ. ಆದರೆ ರವಿಕೆ ಕಣ, ಎಲೆ ಅಡಿಕೆಯಲ್ಲಿ ಮುಗಿಯಬೇಕಾದದ್ದು ಸೇರುಗಟ್ಟಲೆ ಅಕ್ಕಿ, ಬೆಲ್ಲದ ಅಚ್ಚು, ತಲಾ ಎರಡು ತೆಂಗಿನಕಾಯಿಗೆ ಬಂತು.

“ಯಾಕತ್ತೆ ಇಷ್ಟೊಂದು?” ನಾದಿನಿ ಕೇಳಿದಳು.

“ನಿಮ್ಮಮ್ಮ ಬೆಳಗಾಗೆದ್ದು ಫೋನ್ ಮಾಡಿದ್ರು ಕಣೇ. ಮಡಿಲು ತುಂಬ್ದೆ ಕಳಿಸ್ಬೇಡಿ ಅಂದ್ರು.”

ನಾವು ಮುಖ ಮುಖ ನೋಡಿಕೊಂಡೆವು. ನನ್ನತ್ತೆ ಹೆಣೆದ ಬಲೆ ಅರ್ಥವಾಗಿತ್ತು. ಮಡಿಲಕ್ಕಿಯನ್ನು ಬೇಡ ಅನ್ನುವಂತಿಲ್ಲ, ಬಿಸಾಡುವಂತಿಲ್ಲ. ಹೊತ್ತುಕೊಂಡೇ ಹೋಗಬೇಕು.

ಸಿ.ಎಸ್. ಪುರದ ನೆಂಟರಿಗೆ ತೆಂಗಿನ ತೋಟವೇ ಇತ್ತು. ಮುದ್ದೆ, ಹಿತಕಿದ ಅವರೆಬೇಳೆ ಸಾರು, ಮೇಲೆ ತುಪ್ಪ ಸುರಿದ ಹೋಳಿಗೆ. ಕಣ್ಣು ತಾನಾಗಿ ಮುಚ್ಚುತ್ತಿತ್ತು. ಅಷ್ಟರಲ್ಲಿ ಆ ಮನೆಯಜ್ಜಿ “ನಮ್ ತ್ವಾಟದ ಕಾಯಿ, ಲೆಕ್ಕ ಯಾಕೆ ಬುಡು” ಅನ್ನುತ್ತಾ ಸೈಕಲ್ಲಿನ ಚೀಲಕ್ಕೇ ನೇರವಾಗಿ ತುಂಬಿದರು. ಊರಾಚೆಯ ಏರಿಗೆ ಬಂದಾಗ ನನ್ನ ಸೈಕಲ್ ಸಂತೆಯಿಂದ ಮರಳುವ ಗಾಡಿಯ ಹಾಗೆ ಹಿಂದಕ್ಕೆ ಜಗ್ಗುತ್ತಿತ್ತು. ಹೊತ್ತು ಪಡುವಣಕ್ಕೆ ವಾಲಿತ್ತು. ಮದ್ರಾಸಿನ ಕಡಲು ನನ್ನ ಕಣ್ಣೆದುರೇ ಬತ್ತಿಹೋಗುತ್ತಿದೆ ಅನಿಸಿ ಅಳು ಬಂತು, ಸಿಟ್ಟೂ ಬಂತು.

ಏರಿನ ತುದಿಯಲ್ಲಿ ಒಂದು ಗಣಪತಿ ಗುಡಿ. ನಾದಿನಿ ಬ್ರೇಕ್ ಹಿಡಿದಳು.

“ಅತ್ತಿಗೆ, ಬಿಸಾಕಬಾರ್ದು ಸರಿ. ದೇವ್ರಿಗೆ ಒಡೆದ್ರೆ ಯಾರ್ ಏನಂತಾರೆ? ಅಮ್ಮ ಚಾಪೆ ಕೆಳಗೆ ತೂರಿದ್ರೆ ನಾವು ರಂಗೋಲಿ ಕೆಳಗೆ ತೂರೋಣ.”

ಅಕ್ಕಿ, ಬೆಲ್ಲ ಪೂಜಾರಿಯ ಪಾಲಾಯಿತು. ಕಾಯಿಗಳನ್ನೆಲ್ಲ ಒಂದೊಂದಾಗಿ ಗುಡಿಯ ಮುಂದಿನ ಕಲ್ಲಿಗೆ ಅಪ್ಪಳಿಸಿದೆವು. “ಗಣಪ್ಪ, ಅಮ್ಮಂಗೆ ಒಳ್ಳೆ ಬುದ್ಧಿ ಕೊಡಪ್ಪ” ಅಂತ ಪ್ರತಿ ಏಟಿಗೂ ನಾದಿನಿ ಕೂಗುತ್ತಿದ್ದಳು. ಇಷ್ಟೊಂದು ಈಡುಗಾಯಿ ಒಡೆಯುವ ಹರಕೆ ಯಾವುದಮ್ಮ ಅಂತ ಪೂಜಾರಿ ಕೇಳಿದರು. ಮದ್ರಾಸಿನದು ಅಂದೆ.

ಆಮೇಲೆ ಸೈಕಲ್ ಹಾರಿತು.

ಕುಣಿಗಲ್ಲಿನ ಬೀದಿಗೆ ತಿರುಗಿದಾಗ ಇನ್ನೂ ಬೆಳಕಿತ್ತು. ಅತ್ತೆ ಜಗಲಿಯಲ್ಲಿ ನಿಂತಿದ್ದರು. ನಾನು ಗೆದ್ದವಳ ಠೀವಿಯಲ್ಲಿ ಇಳಿಯುವಷ್ಟರಲ್ಲಿ ಒಳಗಿನಿಂದ ಅವರ ತಂಗಿ ಕೂಗಿದರು: “ಬಂದ್ರಾ? ಸದ್ಯ! ಬೆಳಿಗ್ಗೆಯಿಂದ ಒಂದ್ ತುತ್ತು ತಿಂದಿಲ್ಲ ನಿಮ್ಮತ್ತೆ. ಲಾರಿ ಸದ್ದಾದಾಗ್ಲೆಲ್ಲ ರೋಡಿಗೆ ಓಡ್ತಾವ್ರೆ.”

ನನ್ನ ಠೀವಿ ಅಲ್ಲೇ ಇಳಿದುಹೋಯಿತು. ಅಷ್ಟು ಕಾಯಿ ಹೊರಿಸಿದ್ದು ಹಟಕ್ಕಲ್ಲ, ಭಯಕ್ಕೆ ಅಂತ ಗೊತ್ತಾಗಿ ಪಾಪ ಅನಿಸಿತು.

ಅತ್ತೆ ಮಾತ್ರ ಖಾಲಿ ಚೀಲ ತಡವಿ ನೋಡಿದರು. “ಕಾಯಿ ಎಲ್ರಮ್ಮ?”

“ಗಣಪ್ಪಂಗೆ ಒಡೆದ್ವಿ ಅತ್ತೆ. ನಿಮ್ ಹೆಸರಲ್ಲೇ.”

ಬೈಯಲು ಬಾಯಿ ತೆರೆದರು, ದೇವರ ವಿಷಯ ಅಂತ ಮುಚ್ಚಿದರು. ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಒಳಗೆ ಹೋಗಿ ದೀಪ ಹಚ್ಚಿ, ತಂಗಿಯ ಮನೆಯ ಅಟ್ಟದಲ್ಲಿದ್ದ ಕಾಯಿಗಳಲ್ಲೆಲ್ಲ ದಪ್ಪದ್ದನ್ನು ಆರಿಸಿ ತಂದು ನನ್ನ ಮಡಿಲಿಗೆ ಹಾಕಿದರು.

“ಇದನ್ನ ಗುಡಿ ಗಿಡೀಲಿ ಒಡೆಯಂಗಿಲ್ಲ. ಸಮುದ್ರಕ್ಕೆ ಬಿಡ್ಬೇಕು, ನನ್ ಹೆಸರಲ್ಲಿ.”

“ಆಯ್ತು ಅತ್ತೆ, ಮಂಗಳೂರಲ್ಲಿ...”

“ಮಂಗಳೂರಲ್ಲಲ್ಲ,” ಅಂದರು ಅತ್ತೆ. “ಮದ್ರಾಸಲ್ಲಿ.”