ಬಿಸು ಕಣಿಗೆ ವಫ್ರಾದ ಹಣ್ಣು

ಅವತ್ತು ಬೆಳಿಗ್ಗೆ ಬಾಲ್ಕನಿಯ ಮರಳು ಗುಡಿಸಿದೆ, ಮಗಳ ಯೂನಿಫಾರ್ಮಿಗೆ ಗುಂಡಿ ಹೊಲಿದೆ, ಅಕ್ಕಿ ಆರಿಸಿದೆ, ಗ್ಯಾಸ್ ಸಿಲಿಂಡರ್ ಬದಲಾಯಿಸಿದೆ, ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬಿದೆ. ಮಧ್ಯಾಹ್ನ ಹಣ್ಣು ಹುಡುಕಿಕೊಂಡು ಹೊರಡುವುದಿತ್ತು.

ಕುವೈತಿನಲ್ಲಿ ನಾವಿದ್ದ ಫಿಂಟಾಸಿನ ಅಂಗಡಿಗಳಲ್ಲಿ ಹಣ್ಣಿಗೆ ಬರವಿತ್ತೆಂದಲ್ಲ. ಸೇಬು ಲೆಬನಾನಿನಿಂದ, ಬಾಳೆ ಫಿಲಿಪ್ಪೀನ್ಸಿನಿಂದ ದಿನಾ ಬಂದು ಬೀಳುತ್ತಿದ್ದವು. ತಕರಾರು ವಿಸಿಟ್ ವೀಸಾದಲ್ಲಿ ಊರಿನಿಂದ ಬಂದಿದ್ದ ನಮ್ಮ ಅತ್ತೆಯವರದು. ಮರುದಿನ ಬಿಸು. ನಮ್ಮ ತುಳುವರ ಹೊಸ ವರ್ಷದ ದಿನ ಎದ್ದ ಕೂಡಲೇ ಕಣ್ಣಿಗೆ ಬೀಳುವಂತೆ ತಟ್ಟೆಯಲ್ಲಿ ಅಕ್ಕಿ, ಕಾಯಿ, ಹಣ್ಣು ಜೋಡಿಸಿ ಕಣಿ ಇಡಬೇಕು. ಅದರಲ್ಲಿ ನಾವು ನಿಂತ ನೆಲದಲ್ಲಿ ಬೆಳೆದ ಹಣ್ಣು ಒಂದಾದರೂ ಇರಬೇಕು.

"ವಿಮಾನದಲ್ಲಿ ಬಂದ ಹಣ್ಣಿಟ್ಟರೆ ಅದು ಕಣಿಯಲ್ಲ, ಶೋಕೇಸು" ಎಂದು ಅತ್ತೆ ಎರಡು ದಿನದ ಹಿಂದೆಯೇ ತೀರ್ಪು ಕೊಟ್ಟಿದ್ದರು. "ಸಿಗದಿದ್ದರೆ ಈ ವರ್ಷ ಕಣಿಯೇ ಬೇಡ. ಮದುವೆಯಾಗಿ ಬಂದ ಮೇಲೆ ಒಂದು ವರ್ಷವೂ ತಪ್ಪಿಸಿದವಳಲ್ಲ ನಾನು. ಇಲ್ಲಿಗೆ ಬಂದು ತಪ್ಪಿತು ಅಂತ ಆಗಲಿ."

ಅಷ್ಟು ಹೇಳಿದ ಮೇಲೆ ಸರಿಯಾಗಿ ಉಂಡಿರಲಿಲ್ಲ, ಮಲಗಿರಲೂ ಇಲ್ಲ.

ನಮ್ಮ ಯಜಮಾನರಿಗೆ ಸಬ್ಹಾನಿನ ಗೋದಾಮಿನಲ್ಲಿ ಲೆಕ್ಕ ಬರೆಯುವ ಕೆಲಸ. ಅಲ್ಲಿ ಯಾರೋ ವಫ್ರಾದ ಸುದ್ದಿ ಹೇಳಿದ್ದರು: ಸೌದಿ ಗಡಿಯ ಹತ್ತಿರ ಹಣ್ಣು ಬೆಳೆಯುವ ಸಣ್ಣ ಊರು, ನೋಡುವಂಥದ್ದು ಬೇಕಾದಷ್ಟು. ರಮ್ಜಾನಿನಲ್ಲಿ ಗೋದಾಮು ಬೇಗ ಮುಚ್ಚುತ್ತದೆ, ರಸ್ತೆ ಖಾಲಿ, ಪಿಕ್‌ನಿಕ್‌ಗೆ ಇದಕ್ಕಿಂತ ಒಳ್ಳೆಯ ತಿಂಗಳಿಲ್ಲ ಎಂಬುದು ಅವರ ಲೆಕ್ಕ. ನಾಲ್ವರೂ ಕಾರಿನಲ್ಲಿ ಹೊರಟೆವು. ಅಹ್ಮದಿ ಪಟ್ಟಣ ದಾಟಿದ ಮೇಲೆ ಮಗಳು ಹಸಿವು ಎಂದಳು. ನಾನು ಡಬ್ಬಿಯ ಮುಚ್ಚಳಕ್ಕೆ ಕೈ ಹಾಕುವುದಕ್ಕೂ ಪೊಲೀಸ್ ಕಾರೊಂದು ಪಕ್ಕದಲ್ಲಿ ಬರುವುದಕ್ಕೂ ಸರಿಹೋಯಿತು.

"ಮುಚ್ಚು, ಮುಚ್ಚು ಮಾರಾಯ್ತಿ! ಉಪವಾಸದ ಹೊತ್ತು. ಹೊರಗೆ ತಿಂದರೆ ಹಿಡಿದುಕೊಂಡು ಹೋಗ್ತಾರೆ" ಎಂದರು ಇವರು.

"ಇದನ್ನು ಮನೆಯಲ್ಲೇ ಹೇಳಬಾರದಿತ್ತಾ?" ಎಂದೆ.

ಉಪವಾಸದ ತಿಂಗಳಲ್ಲಿ ಬುತ್ತಿ ಕಟ್ಟಿಕೊಂಡು ಪಿಕ್‌ನಿಕ್ ಹೊರಟ ಸಂಸಾರ ಆ ದೇಶದಲ್ಲಿ ನಮ್ಮದೊಂದೇ ಇರಬೇಕು.

ವಫ್ರಾ ಬಂತು. ಒಂದು ನೀರಿನ ಟ್ಯಾಂಕು, ಬಾಗಿಲು ಹಾಕಿದ ನಾಲ್ಕಾರು ಅಂಗಡಿ, ಬಲೆಯೊಳಗೆ ಪಾರಿವಾಳ, ನಮ್ಮನ್ನು ನೋಡಿ ಮುಖ ತಿರುಗಿಸಿದ ಒಂದು ಕತ್ತೆ. ಪ್ರೇಕ್ಷಣೀಯ ಸ್ಥಳಗಳು ಅಲ್ಲಿಗೆ ಮುಗಿದವು. ತೆರೆದಿದ್ದ ಒಂದೇ ಹಣ್ಣಿನಂಗಡಿಯಲ್ಲಿ ಕಿತ್ತಳೆ ಜೋಡಿಸಿಟ್ಟಿದ್ದರು. ಅತ್ತೆಯ ಮುಖ ಅರಳಿತು. ಮಗಳು ಪೆಟ್ಟಿಗೆಯ ಮೇಲಿನ ಅಕ್ಷರ ಓದಿ, "ಅಜ್ಜಿ, ಫ್ರಮ್ ಈಜಿಪ್ಟ್" ಎಂದಳು. ಅರಳಿದ ಮುಖ ಬಾಡಿತು.

ತೋಟಗಳೇನೋ ಇದ್ದವು. ತುಂಬ ಟೊಮೆಟೊ, ಬದನೆ.

"ಟೊಮೆಟೊ ಹಣ್ಣು ಅಂತಲೇ ಹೇಳುವುದಲ್ಲವಾ ಅಮ್ಮ? ಅದನ್ನೇ ಇಡು" ಎಂದರು ಇವರು.

"ಅದನ್ನು ನೋಡಿ ಎದ್ದರೆ ವರ್ಷವಿಡೀ ಸಾರೇ ಗತಿ. ನೀನು ಸುಮ್ಮನೆ ಕಾರು ಬಿಡು."

ಕೊನೆಗೆ ಖರ್ಜೂರದ ಮರಗಳಿದ್ದ ಒಂದು ತೋಟದ ಮುಂದೆ ನಿಂತೆವು. ಕಾವಲಿಗಿದ್ದವನು ಪೇಶಾವರದ ಕಡೆಯ ಪಠಾಣ. ಖರ್ಜೂರ ಇನ್ನೂ ಹೂವಿನಲ್ಲಿತ್ತು.

"ಆಗಸ್ಟಿಗೆ ಬನ್ನಿ ಭಾಯಿ, ಹೊಟ್ಟೆ ತುಂಬ ತಿನ್ನಿಸುತ್ತೇನೆ" ಎಂದು ಉರ್ದುವಿನಲ್ಲಿ ಕರೆದ. ಇವರು ಖಂಡಿತ ಬರುತ್ತೇವೆ ಎಂದು ಮಾತು ಕೊಟ್ಟರು. ಆಗಸ್ಟಿನಲ್ಲಿ ಕುವೈತಿಗೆ ಇರಾಕಿನ ಸೈನ್ಯ ಬಂತು. ನಾವು ವಫ್ರಾಕ್ಕೆ ಹೋಗಲಿಲ್ಲ.

ಆದರೆ ಅತ್ತೆ ಆಗಲೇ ತೋಟದ ಹಿಂದೆ ನಡೆದಿದ್ದರು. "ಹೋಯ್, ಇಲ್ಲಿ ಬನ್ನಿ!" ಎಂಬ ಕೂಗು ಕೇಳಿ ಓಡಿದೆವು. ಮುಳ್ಳಿನ ಕೊಂಬೆಯೊಂದನ್ನು ಸೆರಗಿನಲ್ಲಿ ಹಿಡಿದು ಬಗ್ಗಿಸಿ ನಿಂತಿದ್ದರು. ಬೋರೆ ಮರ! ಹಂಗಾಮು ಮುಗಿಯುತ್ತ ಬಂದಿತ್ತು, ಆದರೂ ಅಲ್ಲೊಂದು ಇಲ್ಲೊಂದು ಹಳದಿ ಹಣ್ಣು.

ಪಠಾಣ ನಕ್ಕ. "ಅಮ್ಮಾಜಿ, ಯೇ ತೋ ಆಪ್ ಕಾ ಹೀ ಹೈ." ಇದು ನಿಮ್ಮದೇ ಎಂದನೆಂದು ಉರ್ದು ಬಾರದ ಅತ್ತೆಗೆ ತಿಳಿಯಲಿಲ್ಲ. ತೋಟದ ಅರಬ ಯಜಮಾನ ಎಷ್ಟೋ ವರ್ಷದ ಹಿಂದೆ ಮುಂಬಯಿಯಿಂದ ಕಸಿಗಿಡ ತಂದು ನೆಟ್ಟದ್ದಂತೆ.

ಇವರು ತಲೆ ಮೇಲೆ ಕೈ ಹೊತ್ತು ಕುಳಿತರು. ಎಪ್ಪತ್ತು ಕಿಲೋಮೀಟರ್ ಬಂದು ಸಿಕ್ಕಿದ್ದು ನಮ್ಮೂರಿನದೇ ಮರ. ಇದನ್ನು ಅತ್ತೆಗೆ ಹೇಳಬೇಕೋ ಬೇಡವೋ ಎಂದು ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಹೇಳದೆ ಕಣಿ ಇಡಿಸುವುದು ಸರಿಯಲ್ಲವೆಂದು ನಾನೇ ಅತ್ತೆಗೆ ವಿಷಯ ತಿಳಿಸಿದೆ. ಅತ್ತೆ ಕೊಂಬೆ ಬಿಡದೆ ಒಂದು ಹಣ್ಣು ಕಿತ್ತು ತಿರುಗಿಸಿ ನೋಡಿದರು.

"ಬಂದದ್ದು ಎಲ್ಲಿಂದಾದರೂ ಇರಲಿ. ನೀರು ಕುಡಿದದ್ದು ಇಲ್ಲಿಯದ್ದು, ಹಣ್ಣು ಬಿಟ್ಟದ್ದು ಇಲ್ಲಿ. ನೀವೇನು, ಇಲ್ಲಿ ಹುಟ್ಟಿದವರಾ?"

"ನಮಗೆ ಇಲ್ಲಿ ವಾಸಕ್ಕೆ ಸರ್ಕಾರದ ಇಕಾಮಾ ಚೀಟಿ ಉಂಟಮ್ಮ" ಎಂದರು ಇವರು.

"ಮರಕ್ಕೆ ಬೇರು ಉಂಟು. ಒಂದು ಕುಕ್ಕೆ ಕೊಡು ಅಂತ ಅವನಿಗೆ ಹೇಳು."

ಸೂರ್ಯ ಮುಳುಗಿ ಬಾಂಗ್ ಕೂಗಿದ ಮೇಲೆ ಪಠಾಣ ಚಾಪೆ ಹಾಸಿದ. ಅವನ ರೊಟ್ಟಿ, ನಮ್ಮ ಚಿತ್ರಾನ್ನ. ಅತ್ತೆ ತುಳುವಿನಲ್ಲಿ ಒತ್ತಾಯ ಮಾಡಿ ಬಡಿಸಿದರು, ಅವನು ಉರ್ದುವಿನಲ್ಲಿ ಸಾಕು ಎಂದ. ಅದು ತಮಗೆ ಅರ್ಥವಾಗಲಿಲ್ಲವೆಂದು ಅತ್ತೆ ಇನ್ನೊಂದು ಸೌಟು ಹಾಕಿದರು.

ಮನೆಗೆ ಬಂದು ಬಿಸಿ ಗಂಜಿಗೆ ಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ. ಅತ್ತೆ ಎರಡು ಸಲ ಬಡಿಸಿಕೊಂಡರು. ಕಣಿ ಇಡುವವರು ಮನೆಯವರೆಲ್ಲ ಮಲಗಿದ ಮೇಲೆ ಮಲಗಬೇಕೆಂದು ಕ್ರಮ. ಬೋರೆಹಣ್ಣು ತೊಳೆದು ಒರೆಸಿ ತಟ್ಟೆಯಲ್ಲಿಟ್ಟು, "ಉಳಿದದ್ದು ನೀನೇ ಇಡು ಮಗಾ" ಎಂದು ನನಗೆ ಹೇಳಿ ಗೋಡೆಗೆ ಒರಗಿದವರು ಅಲ್ಲೇ ಗೊರಕೆ ಹೊಡೆದರು. ಅವತ್ತು ನಮ್ಮ ಮನೆಯಲ್ಲಿ ಮೊದಲು ನಿದ್ದೆಹೋದವರು ಅವರೇ.