ಮಲ್ಲಿಗೆಯ ಲೆಕ್ಕದಲ್ಲಿ ಬಿಟ್ಟ ಮದ್ದು

2004ರಲ್ಲಿ ನಾನು ಉಡುಪಿಯಲ್ಲಿ ಮನೋವೈದ್ಯನಾಗಿ ಸ್ವಂತ ಕ್ಲಿನಿಕ್ ನಡೆಸುತ್ತಿದ್ದೆ. ಮಂಗಳವಾರ ಮಧ್ಯಾಹ್ನ ಮಾತ್ರ ಕಾಪುವಿಗೆ ಹೋಗಿ, ಅಲ್ಲಿನ ಒಂದು ಮೆಡಿಕಲ್ ಶಾಪಿನ ಹಿಂದಿನ ಕೋಣೆಯಲ್ಲಿ ಕುಳಿತು ರೋಗಿಗಳನ್ನು ನೋಡುತ್ತಿದ್ದೆ. ಬೋರ್ಡಿನಲ್ಲಿ ಹೆಸರು ಮತ್ತು ಸಮಯ ಮಾತ್ರ ಇತ್ತು. ‘ಮನೋರೋಗ’ ಎಂದು ಬರೆಸಿದರೆ ಮೆಟ್ಟಿಲು ಹತ್ತುವವರು ಯಾರೂ ಇರುವುದಿಲ್ಲ ಎಂದು ಅಂಗಡಿಯ ಯಜಮಾನರು ಮೊದಲೇ ಎಚ್ಚರಿಸಿದ್ದರು.

ಆ ಕೋಣೆಗೆ ಬರುತ್ತಿದ್ದವರಲ್ಲಿ ವನಜ ಒಬ್ಬಳು. ವಯಸ್ಸು ಮೂವತ್ತು. ತವರು ಕಾರ್ಕಳ, ಗಂಡನ ಮನೆ ಕಾಪುವಿನ ಹತ್ತಿರ. ಗಂಡ ಸದಾಶಿವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ವನಜ ಮತ್ತು ಅವಳ ಅತ್ತೆ ಮನೆಯಲ್ಲಿ ಮಲ್ಲಿಗೆ ಕಟ್ಟಿ ಮಾರಾಟಕ್ಕೆ ಕಳುಹಿಸುತ್ತಿದ್ದರು. ಎರಡು ಸಲ ಗರ್ಭಪಾತವಾದ ಮೇಲೆ ಅವಳು ಖಿನ್ನತೆಗೆ ಬಿದ್ದಿದ್ದಳು. ನಾನು ವೆನ್‌ಲಾಫಾಕ್ಸಿನ್ ಎಂಬ ಮದ್ದನ್ನು ದಿನಕ್ಕೆ 75 ಮಿಲಿಗ್ರಾಂನ ಒಂದು ಕ್ಯಾಪ್ಸೂಲಿನಂತೆ ಕೊಟ್ಟಿದ್ದೆ. ಆರು ತಿಂಗಳಲ್ಲಿ ಚೆನ್ನಾಗಿ ಚೇತರಿಸಿಕೊಂಡಳು. ಅವಳ ಆಸೆ ಒಂದೇ: ಮದ್ದು ನಿಲ್ಲಿಸಿ ಇನ್ನೊಮ್ಮೆ ಮಗುವಿಗೆ ಪ್ರಯತ್ನಿಸಬೇಕು.

ಡಿಸೆಂಬರಿನ ಒಂದು ಮಂಗಳವಾರ ಅವಳನ್ನು ಸದಾಶಿವ ಕೈ ಹಿಡಿದು ಕರೆತಂದ. ಅವನು ಅಯ್ಯಪ್ಪನ ಮಾಲೆ ಹಾಕಿದ್ದ. ವನಜಳಿಗೆ ಬೆವರು, ವಾಕರಿಕೆ, ಕಾರಣವಿಲ್ಲದ ಅಳು.

“ಕಣ್ಣು ಆಚೀಚೆ ತಿರುಗಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗ್ತದೆ ಡಾಕ್ಟ್ರೇ,” ಎಂದಳು. “ಹೂವು ಕಟ್ಟಲಿಕ್ಕೆ ಕೂತರೆ ನಾರು ಬೆರಳಲ್ಲಿ ನಿಲ್ಲುವುದಿಲ್ಲ.”

ನಾನು ತಡಮಾಡದೆ ಖಿನ್ನತೆ ಮರುಕಳಿಸಿದೆ ಎಂದು ತೀರ್ಮಾನಿಸಿದೆ. ಡೋಸ್ ಇಮ್ಮಡಿ ಮಾಡಿ ಚೀಟಿ ಬರೆದೆ. ಹೊರಗೆ ಹದಿನೈದು ಮಂದಿ ಕಾಯುತ್ತಿದ್ದರು. ಅದು ನೆಪ ಎಂದು ಈಗ ಗೊತ್ತು.

ಮುಂದಿನ ವಾರ ಅವಳ ಸ್ಥಿತಿ ಇನ್ನೂ ಕೆಟ್ಟಿತ್ತು. ಈ ಸಲ ಜೊತೆಗೆ ಬಂದವರು ಅತ್ತೆ. ಅವರು ಸೆರಗಿನ ಗಂಟು ಬಿಚ್ಚಿ, ಒಂದೂ ಒಡೆಯದ ಕ್ಯಾಪ್ಸೂಲಿನ ಸ್ಟ್ರಿಪ್ಪುಗಳನ್ನು ಮೇಜಿನ ಮೇಲಿಟ್ಟರು.

“ಇದಕ್ಕೆ ಬದಲು ಬೇರೆ ಎಂತಾದರೂ ಉಂಟಾ ಡಾಕ್ಟ್ರೇ? ಇದರ ಚಿಪ್ಪು ದನದ ಎಲುಬಿನದ್ದಂತೆ ಅಲ್ವಾ? ಮಗ ಮಾಲೆ ಹಾಕಿದ್ದಾನೆ. ಮನೆಯಲ್ಲಿ ಮೀನಿನ ಪಾತ್ರೆಯನ್ನೇ ಹೊರಗೆ ಇಟ್ಟಿದ್ದೇವೆ. ಇವಳು ಇದನ್ನು ನುಂಗುವುದು ಹೇಗೆ?”

“ಯಾವಾಗಿನಿಂದ ನುಂಗಿಲ್ಲ?”

“ಮಾಲೆ ಹಾಕಿದ ದಿನದಿಂದ,” ಎಂದಳು ವನಜ. “ನೀವು ಕೇಳಲಿಲ್ಲ, ನಾನು ಹೇಳಲಿಲ್ಲ.”

ಚಿಪ್ಪಿನ ವಿಷಯ ಸುಳ್ಳಾಗಿರಲಿಲ್ಲ. ಕ್ಯಾಪ್ಸೂಲಿನ ಹೊರಕವಚಕ್ಕೆ ಬಳಸುವ ಜೆಲಾಟಿನನ್ನು ಪ್ರಾಣಿಗಳ ಎಲುಬು ಮತ್ತು ಚರ್ಮದಿಂದಲೇ ಮಾಡುತ್ತಾರೆ. ಅವಳು ತೀರ ಬೇಸತ್ತು ಮದ್ದು ಬಿಟ್ಟವಳೂ ಅಲ್ಲ, ಮರೆತವಳೂ ಅಲ್ಲ. ಗಂಡನ ನಲವತ್ತೆಂಟು ದಿನದ ವ್ರತವನ್ನು ನಿಷ್ಠೆಯಿಂದ ಪಾಲಿಸುತ್ತಿದ್ದಳು ಅಷ್ಟೆ. ನಾನು ರೋಗ ಮರುಕಳಿಸಿದೆ ಎಂದುಕೊಂಡಿದ್ದು ವಿತ್‌ಡ್ರಾವಲ್ ಆಗಿತ್ತು. ಎಂದರೆ, ಮದ್ದಿಗೆ ಒಗ್ಗಿದ ಮೆದುಳು ಅದು ಹಠಾತ್ತನೆ ಸಿಗದಿದ್ದಾಗ ಪಡುವ ಪರದಾಟ. ತಲೆಯೊಳಗಿನ ಆ ಕರೆಂಟಿನ ಹೊಡೆತ ಅದರ ಸ್ಪಷ್ಟ ಲಕ್ಷಣ. ಇಷ್ಟು ವರ್ಷದ ಅನುಭವವಿದ್ದೂ ‘ಮದ್ದು ತೆಗೆದುಕೊಳ್ಳುತ್ತಿದ್ದೀರಾ’ ಎಂಬ ಒಂದು ಪ್ರಶ್ನೆ ನನ್ನ ಬಾಯಿಂದ ಬಂದಿರಲಿಲ್ಲ. ಅತ್ತೆಯ ಎದುರು ನನಗೆ ನಾಚಿಕೆಯಾಯಿತು.

ಪರಿಹಾರ ಸುಲಭವಿತ್ತು. ಆ ಕ್ಯಾಪ್ಸೂಲಿನ ಒಳಗೆ ಇರುವುದು ಸಾಸಿವೆಗಿಂತ ಸಣ್ಣ ಬಿಳಿ ಕಾಳುಗಳು. ದಿನಕ್ಕೆ ಮೊದಲಿನಂತೆ ಒಂದೇ ಕ್ಯಾಪ್ಸೂಲಿನ ಚಿಪ್ಪು ಬಿಚ್ಚಿ ಎಸೆದು, ಕಾಳುಗಳನ್ನು ಕಿವುಚಿದ ಬಾಳೆಹಣ್ಣಿನಲ್ಲಿ ಹಾಕಿ, ಜಗಿಯದೆ ನುಂಗಲು ಹೇಳಿದೆ. ಎರಡೇ ದಿನದಲ್ಲಿ ಕರೆಂಟಿನ ಹೊಡೆತ ನಿಂತಿತು. ವ್ರತವೂ ಉಳಿಯಿತು.

2005ರ ಜನವರಿಯಲ್ಲಿ ಅವಳು ತಾನಾಗಿ ಬಂದಳು. ಮದ್ದು ಬಿಡಬೇಕು, ಆದರೆ ತಲೆಯಲ್ಲಿ ಕರೆಂಟ್ ಹೊಡೆದ ಆ ಹದಿನೈದು ದಿನ ಮತ್ತೆ ಬೇಡ ಎಂದಳು. ಮದ್ದನ್ನು ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಸಿದರೆ ಸಾಕೆಂದು ನಾನು ಕಲಿತಿದ್ದೆ. ಅಂಗಡಿಯಲ್ಲಿ ಸಿಗುತ್ತಿದ್ದುದು 75 ಮತ್ತು 37.5 ಮಿಲಿಗ್ರಾಂ ಮಾತ್ರ. ಅದಕ್ಕಿಂತ ಕೆಳಗೆ ಮೆಟ್ಟಿಲೇ ಇಲ್ಲ, ಹಾರಬೇಕು. ಅದನ್ನು ವಿವರಿಸುತ್ತಿರುವಾಗ ಅವಳು ನಡುವೆಯೇ ಬಾಯಿ ಹಾಕಿದಳು.

“ಒಂದರಲ್ಲಿ ನೂರ ಅರುವತ್ತು ಚಿಲ್ಲರೆ ಕಾಳು ಉಂಟು. ಎಲ್ಲದರಲ್ಲೂ ಒಂದೇ ಲೆಕ್ಕ ಇಲ್ಲ. ಹದಿನೈದು ದಿನಕ್ಕೆ ಐದೈದು ಕಾಳು ತೆಗೆದರೆ ಆಗ್ತದಾ?”

“ಎಣಿಸಿದ್ದೀರಾ?”

“ಎಂತ ಡಾಕ್ಟ್ರೇ, ಎಂಟುನೂರು ಮೊಗ್ಗು ಎಣಿಸಿದರೆ ಒಂದು ಚೆಂಡು. ದಿನಕ್ಕೆ ಎಷ್ಟು ಚೆಂಡು ಕಟ್ತೇನೆ ನಾನು! ಇದು ಯಾವ ಲೆಕ್ಕ?”

ನನ್ನ ಓದಿಗಿಂತ ಅವಳ ಲೆಕ್ಕ ಚೆನ್ನಾಗಿತ್ತು. ಇದನ್ನು ಓದಿ ಯಾರೂ ಮನೆಯಲ್ಲಿ ತಾವಾಗಿ ಪ್ರಯೋಗ ಮಾಡಬಾರದು. ನಾನು ಪ್ರತಿ ತಿಂಗಳು ಅವಳ ನಿದ್ರೆ, ರಕ್ತದೊತ್ತಡ, ಮನಸ್ಸಿನ ಸ್ಥಿತಿ ಎಲ್ಲವನ್ನೂ ನೋಡುತ್ತಿದ್ದೆ. ಸ್ಟೀಲಿನ ತಟ್ಟೆಯಲ್ಲಿ ಕಾಳು ಸುರಿದು, ಹೂವು ಕಟ್ಟುವ ಬೆರಳಲ್ಲಿ ಐದೈದಾಗಿ ಸರಿಸುವುದು ಅವಳ ಬೆಳಗಿನ ಮೊದಲ ಕೆಲಸವಾಯಿತು. ಹದಿನಾಲ್ಕು ತಿಂಗಳಲ್ಲಿ ಇಪ್ಪತ್ತು ಚಿಲ್ಲರೆ ಕಾಳಿಗೆ ಇಳಿದಳು. ಅಲ್ಲಿಂದ ಕೆಳಗೆ ತೀರಾ ಕಷ್ಟವಾದ್ದರಿಂದ ಎರಡೆರಡೇ ತೆಗೆದೆವು. 2006ರ ಆಗಸ್ಟಿನಲ್ಲಿ ತಟ್ಟೆ ಖಾಲಿಯಾಯಿತು.

ಚೇತರಿಕೆ ಮಾತ್ರ ನೇರ ದಾರಿಯಲ್ಲಿ ಬರಲಿಲ್ಲ. ಎರಡು ವಾರ ಚೆನ್ನಾಗಿರುತ್ತಿದ್ದಳು, ಆಮೇಲೆ ನಾಲ್ಕು ದಿನ ಬೆವರು ಮತ್ತು ಹೆದರಿಕೆ, ಮತ್ತೆ ಚೆನ್ನ. ಅಕ್ಟೋಬರಿನಲ್ಲಿ ಕೇಳಿದಳು: “ಮದ್ದು ನಿಂತು ಎರಡು ತಿಂಗಳಾಯಿತು. ಇದು ಇನ್ನೂ ಯಾಕೆ ಬರ್ತದೆ?”

ಅದರ ಹಿಂದಿನ ವಾರವಷ್ಟೇ ಮಣಿಪಾಲದಲ್ಲಿ ಎಪಿಜೆನೆಟಿಕ್ಸ್ ಕುರಿತ ಒಂದು ಉಪನ್ಯಾಸ ಕೇಳಿ ಬಂದಿದ್ದೆ. ವಿಷಯ ತಲೆಗೇರಿತ್ತು. ಉತ್ಸಾಹದಿಂದ ಶುರು ಮಾಡಿದೆ. ಜೀನ್ ಎಂಬುದು ನಮ್ಮ ದೇಹದ ಬರಹ. ಅದರ ಅಕ್ಷರ ಬದಲಾಗುವುದಿಲ್ಲ. ಆದರೆ ಯಾವ ಪುಟ ತೆರೆಯಬೇಕು, ಯಾವುದನ್ನು ಮುಚ್ಚಿಡಬೇಕು ಎಂದು ಹೇಳುವ ಸಣ್ಣ ರಾಸಾಯನಿಕ ಗುರುತುಗಳು ಅದರ ಮೇಲೆ ಅಂಟಿಕೊಳ್ಳುತ್ತವೆ. ದೊಡ್ಡ ದುಃಖ ಅಂಥ ಗುರುತು ಬಿಡಬಹುದು. ದೀರ್ಘಕಾಲದ ಮದ್ದೂ ಬಿಡಬಹುದೋ ಏನೋ. ಕೆಲವು ಗುರುತುಗಳು ಕಾಲಕ್ರಮೇಣ ಅಳಿಸಿಯೂ ಹೋಗುತ್ತವೆ, ಹಾಗಾಗಿ ತಾಳ್ಮೆ ಬೇಕು ಎಂದೆ.

“ಮಗುವಿಗೆ ಹೋಗ್ತದಾ ಆ ಗುರುತು?”

“ಮನುಷ್ಯರಲ್ಲಿ ಗೊತ್ತಿಲ್ಲ. ಪ್ರಾಣಿಗಳಲ್ಲಿ ಮಾತ್ರ ಹೋಗಬಹುದು ಎಂಬ ಕೆಲವು ಸೂಚನೆಗಳು ಉಂಟು.”

ಅವಳು ತಲೆಯಾಡಿಸಿ ಹೋದಳು. ಒಳ್ಳೆಯ ಪಾಠ ಮಾಡಿದ ಮೇಷ್ಟ್ರಂತೆ ನಾನು ಬೀಗಿದೆ.

2007ರ ಬೇಸಿಗೆಯ ಹೊತ್ತಿಗೆ ಅವಳು ಪೂರ್ತಿ ಗುಣವಾಗಿದ್ದಳು. 2008ರಲ್ಲಿ ಹೆಣ್ಣುಮಗು ಹುಟ್ಟಿತು, ಸದಾಶಿವ ಬಸ್ಸಿನಿಂದ ಇಳಿದು ಬಂದು ಲಾಡು ಕೊಟ್ಟು ಹೋದ. ನಾನು ಈ ಕೇಸನ್ನು ಯಶಸ್ಸಿನ ಲೆಕ್ಕಕ್ಕೆ ಸೇರಿಸಿದೆ. ಒಂದೆರಡು ಕಡೆ ಕಿರಿಯ ವೈದ್ಯರ ಮುಂದೆ ಹೇಳಿಕೊಂಡದ್ದೂ ಉಂಟು.

2009ರ ದೀಪಾವಳಿ ಕಳೆದ ಮಂಗಳವಾರ ವನಜ ಮಗುವನ್ನು ಎತ್ತಿಕೊಂಡು ಬಂದಳು. ಪಟಾಕಿ ಶಬ್ದಕ್ಕೆ ಮಗು ಬೆಚ್ಚಿಬಿದ್ದು ಅರ್ಧ ಗಂಟೆ ಅತ್ತಿತಂತೆ. ನಾನು ನೋಡಿದೆ. ಆರೋಗ್ಯವಾಗಿತ್ತು. ನನ್ನ ಪೆನ್ನು ಕಿತ್ತುಕೊಂಡು, ವಾಪಸ್ ಕೇಳಿದ್ದಕ್ಕೆ ಕಿರುಚಿತು.

“ಈ ವಯಸ್ಸಿನ ಮಕ್ಕಳು ಪಟಾಕಿಗೆ ಹೆದರದೆ ಇನ್ನೇನು ಮಾಡ್ತಾರೆ?” ಎಂದು ನಕ್ಕೆ.

ಅವಳು ನಗಲಿಲ್ಲ. “ಇದು ಆ ಗುರುತಾ ಡಾಕ್ಟ್ರೇ?”

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ, ಆಮೇಲೆ ನನ್ನದೇ ಜೀನಿನ ಪಾಠ ನೆನಪಾಯಿತು. “ಯಾವಾಗಿನಿಂದ ಈ ಯೋಚನೆ?”

“ಹೊಟ್ಟೆಯಲ್ಲಿರುವಾಗಿನಿಂದ. ಅವರಿಗೂ ಹೇಳಲಿಲ್ಲ, ಅತ್ತೆಗೂ ಹೇಳಲಿಲ್ಲ. ಇವಳು ಅತ್ತರೆ ಕೂಡಲೇ ಎತ್ತಿಕೊಳ್ಳಲಿಕ್ಕೆ ಆಗುವುದಿಲ್ಲ. ಇದು ಅದೇ ಅಳುವಾ ಅಂತ ಮೊದಲು ನಿಂತು ನೋಡ್ತೇನೆ. ಆಮೇಲೆ ಎತ್ತಿಕೊಳ್ತೇನೆ.”

ವೃತ್ತಿಯಲ್ಲಿ ಬೈಗುಳ ಕೇಳಿದ್ದೇನೆ, ಕೋರ್ಟಿನಲ್ಲಿ ನಿಂತಿದ್ದೇನೆ. ಯಾವುದೂ ನನ್ನನ್ನು ಹೀಗೆ ತಲೆ ತಗ್ಗಿಸುವಂತೆ ಮಾಡಿರಲಿಲ್ಲ.

“ವನಜ, ಅವತ್ತು ‘ಗೊತ್ತಿಲ್ಲ’ ಎಂದು ಹೇಳಿ ನಾನು ಸುಮ್ಮನಿರಬೇಕಿತ್ತು,” ಎಂದೆ. “ಹೊಸದಾಗಿ ಕೇಳಿದ್ದನ್ನು ಹೇಳುವ ಹುಚ್ಚಿನಲ್ಲಿ ಹೇಳಿಬಿಟ್ಟೆ. ನಿಮ್ಮ ಮಗುವಿಗೆ ಏನೂ ಆಗಿಲ್ಲ. ತಪ್ಪು ನನ್ನದು.”

ಅವಳು ಮೆಲ್ಲಗೆ ಕೇಳಿದಳು: “ಹಾಗಾದರೆ ಅತ್ತ ಕೂಡಲೇ ಎತ್ತಿಕೊಳ್ಳಬಹುದಲ್ಲ?”

ಹೌದು ಎಂದೆ. ಒಬ್ಬ ತಾಯಿ ಅದಕ್ಕೆ ನನ್ನ ಅನುಮತಿ ಕೇಳಬೇಕಾಗಿ ಬಂತು. ಮದ್ದನ್ನು ನಾನು ಮಿಲಿಗ್ರಾಂ ಲೆಕ್ಕದಲ್ಲಿ ಬರೆದಿದ್ದೆ, ಪ್ರತಿ ತಿಂಗಳು ಪರೀಕ್ಷಿಸಿದ್ದೆ. ಅವಳಿಗೆ ಹೇಳಿದ ಆ ಒಂದು ಮಾತನ್ನು ಯಾವ ಚೀಟಿಯಲ್ಲೂ ಬರೆದಿರಲಿಲ್ಲ, ಅದರ ಪರಿಣಾಮವನ್ನು ಮೂರು ವರ್ಷ ಒಮ್ಮೆಯೂ ವಿಚಾರಿಸಿರಲಿಲ್ಲ. ಆ ಮೇಲೆ ನಿವೃತ್ತಿಯವರೆಗೂ, ‘ಗೊತ್ತಿಲ್ಲ’ ಎಂದ ಮೇಲೆ ನಾನು ಇನ್ನೊಂದು ವಾಕ್ಯ ಸೇರಿಸಲು ಹೋಗಲಿಲ್ಲ.